ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೋಷ ಅಂತ ಸುದ್ದಿ ಬಂದಾಗ ಪತ್ರಿಕೆಯವರು ಏನೇನು ನೋಡಬೇಕು?

ಪುಟ_ಹನ್ನೊಂದು:

ದಿನಪತ್ರಿಕೆಯೊಂದರ ತಂತ್ರಜ್ಞಾನ ಪುಟ ನನ್ನ ಪಾಲಿಗಿದೆ. ಏಜೆನ್ಸಿ ಕಾಪಿಯಲ್ಲಿ ಓಪನ್‌ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ತಂತ್ರಾಂಶ) ಹೆಸರು ಬರುವುದೇ ಅದರಲ್ಲಿ ತೂತು ಸಿಕ್ಕಾಗ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಹಿಂಬಾಗಿಲು, ಜುಲೈನಲ್ಲಿ ರಿಗ್ರೆಶನ್ ಎಂದು ಹೆಸರಿಟ್ಟ ದೋಷ, 2025ರ ಫೆಬ್ರವರಿಯಲ್ಲಿ ಮತ್ತೆರಡು ದೋಷ. ಕಾಪಿ ಮಾತ್ರ ಒಂದೇ ಅಚ್ಚಿನದು: ಇಷ್ಟು ಲಕ್ಷ ಸರ್ವರ್‌ಗಳಿಗೆ ಅಪಾಯ, ತಜ್ಞರ ಆತಂಕ, ಮುಗಿಯಿತು.

ಪುಟ ಮುಗಿಸಲು ಒಂದು ಗಂಟೆ ಇದೆ ಅಂದುಕೊಳ್ಳಿ. ಯಾವುದನ್ನು ಖಚಿತ ಮಾಡಿಕೊಂಡರೆ ತಪ್ಪು ಬರೆಯುವುದು ತಪ್ಪುತ್ತದೆ? ಎಕ್ಸ್‌ಝಡ್ ಪ್ರಕರಣವನ್ನು ಓಪನ್‌ಎಸ್‌ಎಸ್‌ಎಚ್ ದೋಷ ಅನ್ನಬಹುದೇ? ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಓದುಗರಿಗೆ ಒಂದು ಬಾಕ್ಸ್ ಹಾಕುವುದಾದರೆ ಅದರಲ್ಲಿ ಏನಿರಬೇಕು? ಜೊತೆಗೆ ನೂರು ಪದದ ಇತಿಹಾಸವೂ ಬೇಕು.

ಗ್ರೇಸ್‌ಟೈಮ್:

ಮೇಡಂ, ಏಜೆನ್ಸಿ ಕಾಪಿಯನ್ನು ಪಕ್ಕಕ್ಕಿಟ್ಟು ಓಪನ್‌ಎಸ್‌ಎಸ್‌ಎಚ್‌ನವರದೇ ಬಿಡುಗಡೆ ಟಿಪ್ಪಣಿ ತೆರೆಯಿರಿ. ಅದರಲ್ಲಿ ಭದ್ರತೆಯ ಭಾಗ ನಾಲ್ಕೈದು ಪ್ಯಾರಾ ಇರುತ್ತದೆ, ಬೆಣ್ಣೆ ಹಚ್ಚದೆ ಬರೆದಿರುತ್ತಾರೆ. ಆಮೇಲೆ ದೋಷ ಕಂಡುಹಿಡಿದವರ ಮೂಲ ವರದಿ. ಅವರ ಬ್ಲಾಗ್ ಬೇಡ, ಅದು ಮಾರ್ಕೆಟಿಂಗ್ ವಿಭಾಗದ ಕೈ ದಾಟಿ ಬಂದಿರುತ್ತದೆ. ತಾಂತ್ರಿಕ ವರದಿಯನ್ನೇ ಹುಡುಕಿ.

ಓದುವಾಗ ಇಷ್ಟು ಹುಡುಕಿ: ದೋಷ ಸರ್ವರ್‌ನಲ್ಲೋ ಕ್ಲೈಂಟ್‌ನಲ್ಲೋ, ಲಾಗಿನ್ ಆಗುವ ಮೊದಲೇ ಕೆಲಸ ಮಾಡುತ್ತದೋ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ಇದೆಯೋ, ಯಾವ ಆವೃತ್ತಿಯಿಂದ ಯಾವ ಆವೃತ್ತಿವರೆಗೆ.

ರಿಗ್ರೆಶನ್‌ಗೆ (ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆಯಲ್ಲಿ ಸಿವಿಇ-2024-6387) ಇದನ್ನು ಹಚ್ಚಿ ನೋಡಿ. ಸರ್ವರ್, ಲಾಗಿನ್‌ಗೆ ಮೊದಲು, ಡಿಫಾಲ್ಟ್ ಸೆಟ್ಟಿಂಗ್, ಗೆದ್ದರೆ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರ. ಮೊದಲ ಪುಟಕ್ಕೆ ಹೋಗುವ ಸುದ್ದಿಯೇ, ಅನುಮಾನವಿಲ್ಲ. ಆದರೆ ಆವೃತ್ತಿ 8.5ಪಿ1ರಿಂದ 9.7ಪಿ1ವರೆಗೆ, ಅದೂ ಜಿಲಿಬ್‌ಸಿ (ಪ್ರೋಗ್ರಾಂಗಳು ಆಸರೆ ಪಡೆಯುವ ಮೂಲ ಲೈಬ್ರರಿ) ಬಳಸುವ ಲಿನಕ್ಸ್‌ನಲ್ಲಿ. 4.4ಪಿ1ಗಿಂತ ಹಳೆಯವೂ ಸೇರುತ್ತವೆ, ಏಕೆಂದರೆ ಇದು 2006ರಲ್ಲಿ ಸರಿಪಡಿಸಿದ್ದ ದೋಷ, 2020ರ ಅಕ್ಟೋಬರ್‌ನ ಒಂದು ಬದಲಾವಣೆಯಲ್ಲಿ ಮರಳಿ ಬಂತು. ಓಪನ್‌ಎಸ್‌ಎಸ್‌ಎಚ್ ಹುಟ್ಟಿದ ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂಗೆ ತಟ್ಟಲಿಲ್ಲ.

ಆಗುವುದು ಹೀಗೆ: ಸಂಪರ್ಕ ಬಂದ ಮೇಲೆ ಲಾಗಿನ್ ಮುಗಿಸಲು ಸರ್ವರ್ 120 ಸೆಕೆಂಡ್ ಕೊಡುತ್ತದೆ (ಲಾಗಿನ್‌ಗ್ರೇಸ್‌ಟೈಮ್). ಗಡುವು ಮೀರಿದರೆ ಅಲಾರಂ ಸಿಗ್ನಲ್. ಆ ಸಿಗ್ನಲ್ ನೋಡಿಕೊಳ್ಳುವ ಕೋಡ್ ಸಿಸ್‌ಲಾಗ್‌ಗೆ (ಯಂತ್ರದ ದಾಖಲೆ ಪುಸ್ತಕ) ಬರೆಯಲು ಹೋಗುತ್ತದೆ. ಜಿಲಿಬ್‌ಸಿಯ ಸಿಸ್‌ಲಾಗ್ ಒಳಗಡೆ ಮೆಮೊರಿ ಕೇಳುತ್ತದೆ. ಸಿಗ್ನಲ್ ಬಂದ ಕ್ಷಣದಲ್ಲಿ ಅದೇ ಪ್ರೋಗ್ರಾಂ ಮೆಮೊರಿ ಹಂಚುವ ಅರ್ಧದಲ್ಲಿದ್ದರೆ ಹೀಪ್ (ಹಂಚುವ ಮೆಮೊರಿಯ ಜಾಗ) ಕೆಡುತ್ತದೆ. ದಾಳಿಕೋರ ಹಿಡಿಯಬೇಕಾದ್ದು ಆ ಕ್ಷಣವನ್ನು.

ದೋಷ ಕಂಡುಹಿಡಿದ ಕ್ವಾಲಿಸ್ ಕಂಪನಿಯವರ ವರದಿ ಪ್ರಕಾರ ಸರಾಸರಿ ಸುಮಾರು 10,000 ಪ್ರಯತ್ನ ಬೇಕು, ರೂಟ್ ಶೆಲ್ ಸಿಗಲು 6ರಿಂದ 8 ಗಂಟೆ, ಅದೂ 32 ಬಿಟ್ ಯಂತ್ರದಲ್ಲಿ. 64 ಬಿಟ್‌ನಲ್ಲಿ ಅವರು ಮಾಡಿ ತೋರಿಸಿರಲಿಲ್ಲ, ಕೆಲಸ ನಡೆದಿದೆ ಎಂದಷ್ಟೇ ಹೇಳಿದ್ದರು. ಇಂದು ಓಡುವ ಸರ್ವರ್‌ಗಳಲ್ಲಿ ಬಹುಪಾಲು 64 ಬಿಟ್. ನೂರರಲ್ಲಿ ತೊಂಬತ್ತು ಕಾಪಿಗಳಲ್ಲಿ ಬಿಟ್ಟುಹೋದ ಸಾಲು ಇದೇ.

ತಲೆಬರಹಕ್ಕೆ ಬಂದ ಅಂಕಿ ‘14 ಮಿಲಿಯನ್’. ಅದು ಸೆನ್ಸಿಸ್, ಶೋಡಾನ್ ಎಂಬ ಇಂಟರ್ನೆಟ್ ಸ್ಕ್ಯಾನ್ ತಾಣಗಳ ಹುಡುಕಾಟದಲ್ಲಿ ಇಂಟರ್ನೆಟ್‌ಗೆ ತೆರೆದು ಕಂಡ, ದೋಷ ಇದ್ದಿರಬಹುದಾದ ಸರ್ವರ್‌ಗಳ ಲೆಕ್ಕ. ‘ಇದ್ದಿರಬಹುದಾದ’ ಅನ್ನುವುದನ್ನು ಬಿಡಬೇಡಿ. ಇನ್ನೊಂದು, 14 ಮಿಲಿಯನ್ ಅಂದರೆ 1 ಕೋಟಿ 40 ಲಕ್ಷ. ಡೆಸ್ಕ್‌ನಲ್ಲಿ ಅವಸರಕ್ಕೆ 14 ಲಕ್ಷವೋ 14 ಕೋಟಿಯೋ ಆಗಿಬಿಡುತ್ತದೆ.

2025ರ ಫೆಬ್ರವರಿಯ ಜೋಡಿ ಇದಕ್ಕಿಂತ ಬೇರೆ. ಸಿವಿಇ-2025-26465 ಕ್ಲೈಂಟ್ ದೋಷ: ವೆರಿಫೈಹೋಸ್ಟ್‌ಕೀಡಿಎನ್‌ಎಸ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ನಡುವೆ ಕೂತವನು ಸರ್ವರ್ ವೇಷ ಹಾಕಬಹುದು. ಡಿಫಾಲ್ಟ್ ಆಗಿ ಅದು ಆಫ್. (ಫ್ರೀಬಿಎಸ್‌ಡಿಯಲ್ಲಿ ಮಾತ್ರ 2013ರಿಂದ 2023ರವರೆಗೆ ಆನ್ ಇತ್ತು.) 26466 ಸರ್ವರನ್ನು ಸುಸ್ತು ಮಾಡುವ ದೋಷ, ಒಳಗೆ ನುಗ್ಗುವಂಥದ್ದಲ್ಲ. ಎರಡನ್ನೂ ಒಂದೇ ಉಸಿರಲ್ಲಿ ‘ಹ್ಯಾಕ್’ ಅಂದರೆ ತಪ್ಪಾಗುತ್ತದೆ.

ಹಳೇಪ್ಯಾಕೇಜು:

ಮೇಲಿನದಕ್ಕೆ ಒಂದು ತಿದ್ದುಪಡಿ ಅಲ್ಲ, ಸೇರ್ಪಡೆ. ‘9.8ಕ್ಕಿಂತ ಹಳೆಯದೆಲ್ಲ ಅಪಾಯ, ಕೂಡಲೇ 9.8 ಹಾಕಿ’ ಅಂತ ಅಚ್ಚು ಹಾಕಿದರೆ ಮರುದಿನ ಫೋನ್ ನಿಲ್ಲುವುದಿಲ್ಲ. ಡಿಸ್ಟ್ರೋದವರು (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಹಂಚುವವರು) ಆವೃತ್ತಿ ಸಂಖ್ಯೆ ಹಾಗೇ ಇಟ್ಟು ಪ್ಯಾಚ್ ಮಾತ್ರ ಹಿಂದಕ್ಕೆ ತಂದು ಸೇರಿಸುತ್ತಾರೆ. ಉಬುಂಟು 22.04ರಲ್ಲಿ ರಿಗ್ರೆಶನ್ ಸರಿಯಾದದ್ದು 8.9ಪಿ1-3ಉಬುಂಟು0.10ರಲ್ಲಿ. ಡೆಬಿಯನ್ 12ರಲ್ಲಿ 9.2ಪಿ1-2+ಡೆಬ್12ಯು3. ಸಂಖ್ಯೆ 8.9, 9.2 ಎಂದೇ ಕಾಣುತ್ತದೆ, ದೋಷ ಇಲ್ಲ.

ಉಬುಂಟು 20.04ರಲ್ಲಿ 8.2, ಡೆಬಿಯನ್ 11ರಲ್ಲಿ 8.4, ರೆಡ್‌ಹ್ಯಾಟ್ 8ರಲ್ಲಿ 8.0. ಇವು 8.5ಕ್ಕಿಂತ ಹಳೆಯವಾದ್ದರಿಂದ ಈ ದೋಷವೇ ತಟ್ಟಲಿಲ್ಲ. ಹಳೆಯದೇ ಬಚಾವ್. ತಟ್ಟಿದ್ದು ರೆಡ್‌ಹ್ಯಾಟ್ 9ರ 8.7ಕ್ಕೆ. ಅದಕ್ಕೆ ಒಂದೇ ವಾರದಲ್ಲಿ ಇನ್ನೊಂದು ಸಿವಿಇ (2024-6409) ಬಂತು. ಅದರ ಕಾರಣ ಡಿಸ್ಟ್ರೋದವರೇ ಸೇರಿಸಿಕೊಂಡಿದ್ದ ಪ್ಯಾಚ್. ಮೂಲ ಕೋಡ್‌ನಲ್ಲಿ ಅದು ಇಲ್ಲ.

ಸ್ಕ್ಯಾನರ್‌ಗಳ ಸಮಸ್ಯೆಯೂ ಇಲ್ಲೇ ಇರುವುದು. ಪೋರ್ಟ್ 22ಕ್ಕೆ ಹೋದ ತಕ್ಷಣ ಸರ್ವರ್ ತನ್ನ ಬ್ಯಾನರ್, ಅಂದರೆ ಹೆಸರು-ಆವೃತ್ತಿ ಹೇಳುವ ಸಾಲು, ಕೊಡುತ್ತದೆ. ಉಬುಂಟು, ಡೆಬಿಯನ್ ಬ್ಯಾನರ್‌ನಲ್ಲಿ ಪ್ಯಾಕೇಜಿನ ಬಾಲವೂ ಇರುತ್ತದೆ. ರೆಡ್‌ಹ್ಯಾಟ್ 9 ಬರೀ 8.7 ಅನ್ನುತ್ತದೆ. ಬ್ಯಾನರ್ ಅಷ್ಟೇ ನೋಡುವ ಸ್ಕ್ಯಾನರ್ ಪ್ಯಾಚ್ ಆದ ಯಂತ್ರವನ್ನೂ ಕೆಂಪು ಪಟ್ಟಿಗೆ ಹಾಕುತ್ತದೆ. ಸುದ್ದಿಯ ಅಂಕಿಗಳು ಹೆಚ್ಚಾಗಿ ಇಂಥ ಎಣಿಕೆಯಿಂದಲೇ ಹುಟ್ಟುವುದು.

ಮತ್ತೆ, ಎಕ್ಸ್‌ಪ್ಲಾಯಿಟ್ (ದೋಷ ಬಳಸಿ ದಾಳಿ ಮಾಡುವ) ಕೋಡ್‌ಗೆ ಲಿಂಕ್ ಕೊಡಬೇಡಿ. ರಿಗ್ರೆಶನ್ ಸಮಯದಲ್ಲಿ ಎಕ್ಸ್‌ಪ್ಲಾಯಿಟ್ ಅಂತ ಹರಿದಾಡಿದ್ದರಲ್ಲಿ ಮಾಲ್‌ವೇರ್ ತುಂಬಿದ್ದೂ ಇತ್ತು.

ಬಾಗಿಲುವಾಡ:

ಎಕ್ಸ್‌ಝಡ್ ಪ್ರಶ್ನೆಗೆ: ಅದು ಓಪನ್‌ಎಸ್‌ಎಸ್‌ಎಚ್ ದೋಷ ಅಲ್ಲ, ಗುರಿ ಮಾತ್ರ ಓಪನ್‌ಎಸ್‌ಎಸ್‌ಎಚ್. ಎಕ್ಸ್‌ಝಡ್ ಅನ್ನುವುದು ಫೈಲ್ ಕುಗ್ಗಿಸುವ ತಂತ್ರಾಂಶ. ಅದರ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿದ್ದರು. ಮೂಲ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ನ ಲೈಬ್ರರಿಗೂ (ಲಿಬ್‌ಎಲ್‌ಝಡ್‌ಎಂಎ) ಸಂಬಂಧವೇ ಇಲ್ಲ. ಕೆಲವು ಡಿಸ್ಟ್ರೋಗಳು ‘ಸರ್ವರ್ ಎದ್ದಿದೆ’ ಅಂತ ಸಿಸ್ಟಮ್‌ಡಿಗೆ (ಸರ್ವೀಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ತಿಳಿಸಲು ಅದರ ಲೈಬ್ರರಿ ಲಿಬ್‌ಸಿಸ್ಟಮ್‌ಡಿಯನ್ನು ಜೋಡಿಸಿದ್ದವು, ಅದು ಲಿಬ್‌ಎಲ್‌ಝಡ್‌ಎಂಎಯನ್ನು ಎಳೆದುಕೊಂಡು ಬಂತು, ಅದರ ಹಿಂದೆ ಕಳ್ಳ ಬಂದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನು ಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್ 29ರಂದು ಅದನ್ನು ಹೊರಗೆಡವಿದರು. ಡೆಬಿಯನ್, ಉಬುಂಟು, ರೆಡ್‌ಹ್ಯಾಟ್‌ಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪಿರಲಿಲ್ಲ. ಡೆಬಿಯನ್ ಅನ್‌ಸ್ಟೇಬಲ್, ಫೆಡೋರಾದ ಪರೀಕ್ಷಾ ಆವೃತ್ತಿಗಳಂಥ ಕಡೆ ಸಿಕ್ಕಿತು. ಮುಂದೆ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಸಿಸ್ಟಮ್‌ಡಿಗೆ ತಿಳಿಸುವ ಕೆಲಸವನ್ನು ಯಾವ ಲೈಬ್ರರಿಯೂ ಇಲ್ಲದೆ ತಾವೇ ಬರೆದುಕೊಂಡರು.

ಇದಕ್ಕಿಂತ ಹಳೆಯ ಗೊಂದಲ ಓಪನ್‌ಎಸ್‌ಎಸ್‌ಎಲ್‌ದು, ಅದು ಹೆಸರಲ್ಲಷ್ಟೇ ಹತ್ತಿರವಿರುವ ಬೇರೆ ತಂತ್ರಾಂಶ. 2014ರ ಹಾರ್ಟ್‌ಬ್ಲೀಡ್ ದೋಷ ಓಪನ್‌ಎಸ್‌ಎಸ್‌ಎಲ್‌ನ ಟಿಎಲ್‌ಎಸ್ (ವೆಬ್ ಸಂಪರ್ಕವನ್ನು ಗುಟ್ಟಾಗಿಡುವ ವಿಧಾನ) ಕೋಡ್‌ನಲ್ಲಿತ್ತು. ಓಪನ್‌ಎಸ್‌ಎಸ್‌ಎಚ್ ಟಿಎಲ್‌ಎಸ್ ಬಳಸುವುದೇ ಇಲ್ಲ, ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ. ಆದರೆ 2008ರ ಡೆಬಿಯನ್ ಪ್ರಕರಣ ಮಾತ್ರ ಎರಡಕ್ಕೂ ಹತ್ತುತ್ತದೆ: ಡೆಬಿಯನ್‌ನವರು ಓಪನ್‌ಎಸ್‌ಎಸ್‌ಎಲ್‌ಗೆ ಹಾಕಿದ ಪ್ಯಾಚ್‌ನಿಂದ ಯಾದೃಚ್ಛಿಕತೆ ಪ್ರೋಸೆಸ್ ಸಂಖ್ಯೆಯಷ್ಟಕ್ಕೇ ಇಳಿಯಿತು. ಒಂದೊಂದು ಬಗೆ, ಅಳತೆಯ ಕೀಗೆ ಸುಮಾರು 32,768 ಸಾಧ್ಯತೆ ಅಷ್ಟೇ ಉಳಿದವು, ಎಸ್‌ಎಸ್‌ಎಚ್ ಕೀಗಳನ್ನೆಲ್ಲ ಬದಲಿಸಬೇಕಾಯಿತು. ಹೆಸರು ಓದಿ ‘ಎಲ್’ ಇದೆಯೋ ‘ಎಚ್’ ಇದೆಯೋ ನೋಡಿ. ಪ್ರೂಫ್ ನೋಡುವವರಿಗೂ ಹೇಳಿ.

‘ಎಸ್‌ಎಸ್‌ಎಚ್ ಮೂಲಕ ಹ್ಯಾಕ್’ ಅನ್ನುವ ಬಹಳಷ್ಟು ಸುದ್ದಿಗಳಲ್ಲಿ ನಡೆದಿರುವುದು ಪಾಸ್‌ವರ್ಡ್ ಊಹೆ. ಬೀಗ ಸರಿಯಿದೆ, ಕೀಲಿ ಚಾಪೆ ಕೆಳಗಿತ್ತು ಅಷ್ಟೇ.

ಪುಟ_ಹನ್ನೊಂದು:

ಬಹಳ ಉಪಕಾರ. ಓದುಗರ ಬಾಕ್ಸ್‌ಗೆ ರಿಗ್ರೆಶನ್ ಸಮಯದಲ್ಲಿ ಎಲ್ಲರೂ ‘ಲಾಗಿನ್‌ಗ್ರೇಸ್‌ಟೈಮ್ ಸೊನ್ನೆ ಮಾಡಿ’ ಅಂತ ಹಾಕಿದ್ದರು. ಅದು ಸರಿಯೇ? ಮತ್ತೆ ಅಪ್‌ಡೇಟ್ ಆಯಿತೋ ಇಲ್ಲವೋ ಓದುಗ ನೋಡುವುದು ಹೇಗೆ?

ಹಳೇಪ್ಯಾಕೇಜು:

ಸೊನ್ನೆ ಮಾಡುವುದನ್ನು ಬಾಕ್ಸ್‌ನಲ್ಲಿ ಹಾಕಬೇಡಿ. ಅಲಾರಂ ಬಾರಿಸದೇ ಇರುವುದರಿಂದ ದೋಷ ಮುಚ್ಚುತ್ತದೆ ನಿಜ, ಆದರೆ ಲಾಗಿನ್ ಆಗದ ಸಂಪರ್ಕಗಳು ಕೊನೆಯಿಲ್ಲದೆ ಕೂತಿರುತ್ತವೆ. ಅಂಥವುಗಳ ಮಿತಿ ಹೇಳುವ ಮ್ಯಾಕ್ಸ್‌ಸ್ಟಾರ್ಟಪ್ಸ್ ಸೆಟ್ಟಿಂಗ್‌ನ ಡಿಫಾಲ್ಟ್ 10:30:100. ಅಂದರೆ ಹತ್ತು ಅರೆಬರೆ ಸಂಪರ್ಕ ಆದ ಮೇಲೆ ಹೊಸದರಲ್ಲಿ ನೂರಕ್ಕೆ ಮೂವತ್ತನ್ನು ತಳ್ಳುತ್ತದೆ, ಅದು ಏರುತ್ತಾ ನೂರಕ್ಕೆ ಮುಟ್ಟಿದಾಗ ಎಲ್ಲವನ್ನೂ. ಯಾರೋ ಒಬ್ಬ ನೂರು ಸಂಪರ್ಕ ತೆರೆದು ಸುಮ್ಮನೆ ಕೂತರೆ ಮಾಲೀಕನೇ ಹೊರಗೆ. ಪ್ಯಾಚ್ ಬರುವವರೆಗಿನ ಉಪಾಯ ಅಷ್ಟೇ. ಪ್ಯಾಚ್ ಬಂದ ಮೇಲೆ ವಾಪಸ್ ತೆಗೆಯುವುದನ್ನು ಜನ ಮರೆಯುತ್ತಾರೆ.

ಗ್ರೇಸ್‌ಟೈಮ್:

ಅಷ್ಟು ಕಡ್ಡಿ ಮುರಿದ ಹಾಗೆ ಬೇಡ ಸರ್. ಹಳೆಯ ರೂಟರ್, ಅಪ್‌ಡೇಟೇ ಬಾರದ ಪೆಟ್ಟಿಗೆ ಇಟ್ಟುಕೊಂಡವರಿಗೆ ಅದೊಂದೇ ದಾರಿ. ರೂಟ್ ಕಳೆದುಕೊಳ್ಳುವುದಕ್ಕಿಂತ ಸ್ವಲ್ಪ ಹೊತ್ತು ಲಾಗಿನ್ ಆಗದಿರುವುದು ವಾಸಿ. ಆದರೆ ಪತ್ರಿಕೆಯ ಬಾಕ್ಸ್‌ನಲ್ಲಿ ಎಚ್ಚರಿಕೆಯ ಸಾಲಿಗೆ ಜಾಗ ಇಲ್ಲದಿದ್ದರೆ ಬಿಟ್ಟುಬಿಡಿ, ಅಲ್ಲಿಗೆ ಒಪ್ಪುತ್ತೇನೆ.

ಬಾಕ್ಸ್ ಹೀಗಿರಲಿ (ಕಮಾಂಡ್‌ಗಳನ್ನು ಹೇಳುವ ಹಾಗೆ ಬರೆದಿದ್ದೇನೆ, ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ). ಎಸ್‌ಎಸ್‌ಎಚ್ ದೊಡ್ಡ -ವಿ ಅಂದರೆ ಕ್ಲೈಂಟ್ ಆವೃತ್ತಿ ತೋರಿಸುತ್ತದೆ, ಸರ್ವರ್‌ದಲ್ಲ. ಸರ್ವರ್ ಪ್ಯಾಕೇಜ್ ನೋಡಲು ಡೆಬಿಯನ್, ಉಬುಂಟುವಿನಲ್ಲಿ ಡಿಪಿಕೆಜಿ ಸಣ್ಣ -ಎಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್. ರೆಡ್‌ಹ್ಯಾಟ್ ಕಡೆ ಆರ್‌ಪಿಎಂ -ಕ್ಯು --ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್ ಎಂದು ಹೊಡೆದು ಅದರಲ್ಲಿ ಸಿವಿಇ ಸಂಖ್ಯೆಯನ್ನು ಗ್ರೆಪ್ ಮಾಡಿ (ಹುಡುಕಿ). ಸಂಖ್ಯೆ ಸಿಕ್ಕರೆ ಪ್ಯಾಚ್ ಆಗಿದೆ.

ಸೆಟ್ಟಿಂಗ್ ಮುಟ್ಟುವವರು ಈಗಿರುವ ಸೆಷನ್ ಮುಚ್ಚದೆ ಇಟ್ಟುಕೊಳ್ಳಲಿ. ಎಸ್‌ಎಸ್‌ಎಚ್‌ಡಿಗೆ (ಸರ್ವರ್ ಪ್ರೋಗ್ರಾಂ) ಸಣ್ಣ -ಟಿ ಕೊಟ್ಟರೆ ಫೈಲಿನ ತಪ್ಪು ಹೇಳುತ್ತದೆ, ದೊಡ್ಡ -ಟಿ ಕೊಟ್ಟರೆ ನಿಜಕ್ಕೂ ಜಾರಿಯಲ್ಲಿರುವ ಮೌಲ್ಯ ತೋರಿಸುತ್ತದೆ. ಆಮೇಲೆ ಸರ್ವೀಸ್ ರೀಸ್ಟಾರ್ಟ್: ಉಬುಂಟುವಿನಲ್ಲಿ ಹೆಸರು ಎಸ್‌ಎಸ್‌ಎಚ್, ರೆಡ್‌ಹ್ಯಾಟ್‌ನಲ್ಲಿ ಎಸ್‌ಎಸ್‌ಎಚ್‌ಡಿ. ಇನ್ನೊಂದು ಟರ್ಮಿನಲ್‌ನಿಂದ ಹೊಸ ಲಾಗಿನ್ ಆಗಿ ನೋಡಿದ ಮೇಲಷ್ಟೇ ಹಳೆಯ ಸೆಷನ್ ಮುಚ್ಚುವುದು. ರೀಸ್ಟಾರ್ಟ್‌ನಿಂದ ಹಳೆಯ ಸೆಷನ್‌ಗಳು ಕಡಿದುಹೋಗುವುದಿಲ್ಲ.

ದೊಡ್ಡ -ಟಿ ಯಾಕೆ ಬೇಕೆಂದರೆ, ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಮೊದಲು ಸಿಕ್ಕ ಮೌಲ್ಯವೇ ಗೆಲ್ಲುತ್ತದೆ. ಉಬುಂಟುವಿನಲ್ಲಿ ಫೈಲಿನ ತಲೆಯಲ್ಲೇ ಬೇರೆ ಫೈಲ್‌ಗಳನ್ನು ಸೇರಿಸುವ ಇನ್‌ಕ್ಲೂಡ್ ಸಾಲು ಇರುತ್ತದೆ, ಕ್ಲೌಡ್ ಯಂತ್ರಗಳಲ್ಲಿ 50-ಕ್ಲೌಡ್-ಇನಿಟ್ ಹೆಸರಿನ ಫೈಲ್ ಅಲ್ಲಿ ಕೂತು ಪಾಸ್‌ವರ್ಡ್ ಲಾಗಿನ್ ಯೆಸ್ ಅಂದಿರಬಹುದು. ಕೆಳಗೆ ನೀವು ನೋ ಅಂತ ಎಷ್ಟು ಸಲ ಬರೆದರೂ ಅದೇ ನಡೆಯುವುದು.

9.8ಕ್ಕೆ ಏರುವಾಗ ಒಂದು ತಕರಾರು: ಆ ಆವೃತ್ತಿಯಲ್ಲಿ ಸರ್ವರನ್ನು ಎರಡು ಬೈನರಿಗಳಾಗಿ ಒಡೆದರು. ಆರ್ಚ್ ಲಿನಕ್ಸ್‌ನಲ್ಲಿ ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಮಾಡದಿದ್ದರೆ ಹೊಸ ಲಾಗಿನ್‌ಗಳೇ ಆಗುತ್ತಿರಲಿಲ್ಲ. ಅವರೇ ಪ್ರಕಟಣೆ ಹಾಕಬೇಕಾಯಿತು.

ಸಿಹಿಮೀನು:

ಇತಿಹಾಸದ ನೂರು ಪದಕ್ಕೆ ನನ್ನ ಪಾಲು.

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯುಲೋನೆನ್ ಮೊದಲ ಎಸ್‌ಎಸ್‌ಎಚ್ ಬರೆದರು, ಅಲ್ಲಿನ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದ್ದ ಪ್ರಕರಣದ ನಂತರ. ಆಮೇಲೆ ಲೈಸೆನ್ಸ್ ಬಿಗಿಯಾಗುತ್ತಾ ಹೋಯಿತು. ಓಪನ್‌ಬಿಎಸ್‌ಡಿಯವರು ಮುಕ್ತವಾಗಿ ಉಳಿದಿದ್ದ ಹಳೆಯ 1.2.12 ಆವೃತ್ತಿಯಿಂದ ಕವಲು ತೆಗೆದು 1999ರ ಡಿಸೆಂಬರ್ 1ರಂದು ಓಪನ್‌ಬಿಎಸ್‌ಡಿ 2.6 ಜೊತೆ ಓಪನ್‌ಎಸ್‌ಎಸ್‌ಎಚ್ ಕೊಟ್ಟರು. ಆವೃತ್ತಿಯಲ್ಲಿರುವ ‘ಪಿ’ ಅಂದರೆ ಪೋರ್ಟಬಲ್, ಲಿನಕ್ಸ್ ಮುಂತಾದವಕ್ಕೆ ಒಗ್ಗಿಸಿದ್ದು. 2001ರ ಫೆಬ್ರವರಿಯಲ್ಲಿ ಯುಲೋನೆನ್ ಟ್ರೇಡ್‌ಮಾರ್ಕ್ ನೆಪದಲ್ಲಿ ಹೆಸರು ಬದಲಿಸಲು ಕೇಳಿದಾಗ ಪತ್ರಿಕೆಗಳಲ್ಲಿ ಒಳ್ಳೆಯ ಗದ್ದಲವಾಯಿತು. ಹೆಸರು ಬದಲಾಗಲಿಲ್ಲ.

ದೋಷದ ಸುದ್ದಿ ಬಂದಾಗ ‘ಸ್ವಯಂಸೇವಕರು ಹೊಲಿದ ತಂತ್ರಾಂಶ’ ಎಂದು ಅನುಕಂಪದಿಂದ ಬರೆಯುವ ಚಾಳಿಯನ್ನು ದಯವಿಟ್ಟು ಬಿಡಿ. 2018ರಿಂದ ವಿಂಡೋಸ್ 10 ಕೂಡ ಇದನ್ನೇ ಕೊಡುತ್ತಿದೆ, ಮ್ಯಾಕ್‌ನಲ್ಲೂ ಇದೇ ಇದೆ. ಬರೆಯಬೇಕಾದ್ದು ದುಡ್ಡಿನ ವಿಷಯ. 2014ರ ಜನವರಿಯಲ್ಲಿ ಓಪನ್‌ಬಿಎಸ್‌ಡಿಯವರು ಸರ್ವರ್‌ಗಳ ಕರೆಂಟ್ ಬಿಲ್‌ಗೆ ಸುಮಾರು 20,000 ಡಾಲರ್ ಬೇಕೆಂದು ಬೇಡಬೇಕಾಯಿತು. ಅದೇ ವರ್ಷ ಹಾರ್ಟ್‌ಬ್ಲೀಡ್ ಆದ ಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ನಿಧಿ ಮಾಡಿದಾಗ ಮೊದಲ ಪಟ್ಟಿಯಲ್ಲಿ ಓಪನ್‌ಎಸ್‌ಎಸ್‌ಎಚ್ ಕೂಡ ಇತ್ತು. ಪಕ್ಕದ ಮನೆಯ ಬೆಂಕಿಯಿಂದ ಬಂದ ದುಡ್ಡು.

ಪುಟ_ಹನ್ನೊಂದು:

ಕೊನೆಯ ಪ್ರಶ್ನೆ. ತಲೆಬರಹಕ್ಕೆ ಆರೇಳು ಪದ ಸಿಗುತ್ತದೆ, ಅದರಲ್ಲಿ ಯಾವುದು ಕಡ್ಡಾಯ?

ಗ್ರೇಸ್‌ಟೈಮ್:

‘ಲಿನಕ್ಸ್ ಸರ್ವರ್’ ಮತ್ತು ‘ಪ್ಯಾಚ್ ಲಭ್ಯ’. ರಿಗ್ರೆಶನ್ ಬಹಿರಂಗವಾದ 2024ರ ಜುಲೈ 1ರಂದೇ 9.8ಪಿ1 ಬಂದಿತ್ತು. ಕೋಟಿ ಲೆಕ್ಕ ಎರಡನೇ ಪ್ಯಾರಾಕ್ಕೆ ಹೋಗಲಿ. ಫೋಟೊಗೆ ಮುಸುಕು ಹಾಕಿಕೊಂಡ ಹ್ಯಾಕರ್ ಬೇಡ, ಓಪನ್‌ಎಸ್‌ಎಸ್‌ಎಚ್‌ಗೆ ಅದರದೇ ಮುಳ್ಳುಮೀನಿನ ಚಿತ್ರ ಇದೆ.