ಎರಡು ಬೇರೆ ಮಾತ್ರೆ, ಸ್ಟ್ರಿಪ್ ತಿರುಗಿಸಿದರೆ ಎರಡರಲ್ಲೂ ಪ್ಯಾರಾಸಿಟಮಾಲ್! ಒಟ್ಟಿಗೆ ಕೊಡಬಹುದಾ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಬಿ.ಪಿ.ಗೆ ಟೆಲ್ಮಿಸಾರ್ಟಾನ್ 40 ಮತ್ತು ಅಮ್ಲೋಡಿಪಿನ್ 5 ಎರಡೂ ಸೇರಿರುವ ಮಾತ್ರೆ, ಜೊತೆಗೆ ಆಸ್ಪಿರಿನ್ 75. ಇದು ಮೊದಲಿಂದಲೂ ನಡೆಯುತ್ತಿದೆ, ಇದರಲ್ಲಿ ತಕರಾರಿಲ್ಲ. ಹೋದ ವಾರ ಮಂಡಿನೋವು ಜಾಸ್ತಿಯಾಗಿ ಬೇರೆ ಡಾಕ್ಟರ್ ಹತ್ತಿರ ತೋರಿಸಿದೆವು, ಅವರು ಒಂದು ಮಾತ್ರೆ ಬರೆದರು, ದಿನಕ್ಕೆ ಎರಡು. ಅದು ಮುಗಿಯುವ ಮೊದಲೇ ನೆಗಡಿ, ಮೈಕೈ ನೋವು ಶುರುವಾಗಿ ಇನ್ನೊಂದು ಕಡೆಯಿಂದ ನೆಗಡಿ ಮಾತ್ರೆ ಬಂತು, ದಿನಕ್ಕೆ ಮೂರು.

ಸುಮ್ನೆ ಸ್ಟ್ರಿಪ್ ತಿರುಗಿಸಿ ಓದಿದೆ. ಮಂಡಿನೋವಿನದರಲ್ಲಿ ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ನೆಗಡಿಯದರಲ್ಲಿ ಪ್ಯಾರಾಸಿಟಮಾಲ್ 500, ಫಿನೈಲೆಫ್ರಿನ್ 10, ಕ್ಲೋರ್ಫೆನಿರಮಿನ್ 2. ಮುಂದುಗಡೆ ದೊಡ್ಡ ಅಕ್ಷರದಲ್ಲಿರುವ ಹೆಸರು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಇದು ಸಾಲದು ಅಂತ ಅಪ್ಪ ರಾತ್ರಿ ಮೈ ಬಿಸಿ ಅನ್ನಿಸಿದರೆ ತಾವೇ ಒಂದು ಪ್ಯಾರಾಸಿಟಮಾಲ್ 650 ನುಂಗಿ ಮಲಗುತ್ತಾರೆ. ಇದು ಓವರ್‌ಡೋಸ್ ಆಗಲ್ವಾ? ಒಂದನ್ನು ನಿಲ್ಲಿಸಬೇಕಾ? ಯಾವುದನ್ನು?

ಮಾತ್ರೆಡಬ್ಬಿ:

ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಿಮ್ಮ ಅಪ್ಪನ ರಿಪೋರ್ಟ್ ನನ್ನ ಮುಂದಿಲ್ಲ, ಹಾಗಾಗಿ ತೀರ್ಮಾನ ಡಾಕ್ಟರದ್ದೇ. ಆದರೆ ಅವರಿಗೆ ಏನು ಕೇಳಬೇಕು ಅನ್ನೋದನ್ನು ಹೇಳಬಲ್ಲೆ.

ಮೊದಲು ಲೆಕ್ಕ ಹಾಕೋಣ. ಮಂಡಿನೋವಿನದು ಎರಡು ಸಲ 325, ಅಂದರೆ 650. ನೆಗಡಿಯದು ಮೂರು ಸಲ 500, ಅಂದರೆ 1500. ರಾತ್ರಿಯದು 650. ಒಟ್ಟು 2800 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವ ಮಿತಿ 24 ಗಂಟೆಗೆ 4000. ತೂಕ ಕಡಿಮೆ ಇರುವವರು, ಕುಡಿಯುವ ಅಭ್ಯಾಸ ಇರುವವರು, ಲಿವರ್ ತೊಂದರೆ ಇರುವವರು, ಸರಿಯಾಗಿ ಊಟ ಮಾಡದ ವಯಸ್ಸಾದವರು, ಇವರಿಗೆ ಮಿತಿ ಅದಕ್ಕಿಂತ ಕೆಳಗೆ. ಅಪ್ಪ ಈಗ ಮಿತಿಯೊಳಗೇ ಇದ್ದಾರೆ. ಆದರೆ ರಾತ್ರಿಯ ಒಂದು ಎರಡಾದರೆ 3450 ಆಗುತ್ತದೆ, ಇನ್ನೊಬ್ಬರು ಮನೆಯಲ್ಲಿ ಪ್ರೀತಿಯಿಂದ ಇನ್ನೊಂದು ಕೊಟ್ಟರೆ ದಾಟಿಯೇ ಹೋಯಿತು. ಆ 650 ನಿಲ್ಲಿಸಿ.

ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಕಷ್ಟ ಏನಂದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ವಾಕರಿಕೆ ಬರಬಹುದು, ಬರದೆಯೂ ಇರಬಹುದು. ಲಿವರ್ ಒಳಗೆ ಈ ಔಷಧಿಯ ಒಂದು ಸಣ್ಣ ಭಾಗ ವಿಷವಾಗಿ ಬದಲಾಗುತ್ತದೆ, ಅದನ್ನು ಗ್ಲೂಟಥಯೋನ್ ಅನ್ನುವ ವಸ್ತು ತಟಸ್ಥ ಮಾಡುತ್ತದೆ. ಗ್ಲೂಟಥಯೋನ್ ಖಾಲಿಯಾದ ಮೇಲೆ ಬರುವ ವಿಷ ನೇರವಾಗಿ ಲಿವರ್ ಮೇಲೆ ಬೀಳುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಅನ್ನುವ ಮದ್ದಿದೆ, 8 ಗಂಟೆಯೊಳಗೆ ಸಿಕ್ಕರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಯಾರಾದರೂ ಜಾಸ್ತಿ ನುಂಗಿದ್ದು ಗೊತ್ತಾದರೆ "ಆರಾಮಾಗಿದ್ದಾರಲ್ಲ" ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನೀವು ಕೇಳದೇ ಇರುವ ವಿಷಯ. ನಿಮ್ಮ ಪಟ್ಟಿ ನೋಡಿ ನನಗೆ ಗಾಬರಿಯಾದದ್ದು ಪ್ಯಾರಾಸಿಟಮಾಲ್‌ನಿಂದ ಅಲ್ಲ, ಅಸೆಕ್ಲೋಫೆನಾಕ್‌ನಿಂದ. ಇದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವುಗಳ ಗುಂಪಿನ ನೋವಿನ ಮಾತ್ರೆ. ಈ ಗುಂಪಿನ ಔಷಧಿ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಅಲ್ಲಿಂದ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವುದು ಸಲೀಸು. ಹೀಗಾದರೆ ಕಿಡ್ನಿಯಲ್ಲಿ ರಕ್ತ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆಯೂ ಇದ್ದುಬಿಟ್ಟರೆ, ಅಥವಾ ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಕಿಡ್ನಿ ಕೆಲವೇ ದಿನದಲ್ಲಿ ಏಟು ತಿನ್ನಬಹುದು. ಇನ್ನು ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಬೇರೆ. ಬಿ.ಪಿ.ಯೂ ಏರುತ್ತದೆ.

ಫಿನೈಲೆಫ್ರಿನ್ ಸಹ ಬಿ.ಪಿ. ಇರುವವರಿಗೆ ಒಳ್ಳೆಯದಲ್ಲ, ಅದು ರಕ್ತನಾಳ ಬಿಗಿ ಮಾಡುವ ಔಷಧಿ. ತಮಾಷೆ ಅಂದರೆ ನುಂಗುವ ಮಾತ್ರೆಯ ರೂಪದಲ್ಲಿ ಅದು ಕಟ್ಟಿದ ಮೂಗು ಬಿಡಿಸುವುದೇ ಇಲ್ಲ ಅಂತ 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿಯೇ ಹೇಳಿತು. ಕ್ಲೋರ್ಫೆನಿರಮಿನ್ ನಿದ್ದೆ ಬರಿಸುತ್ತದೆ, ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರ ಕಟ್ಟಬಹುದು. 71ರಲ್ಲಿ ರಾತ್ರಿ ತೂಕಡಿಸುತ್ತಾ ಎದ್ದು ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಮಂಡಿನೋವು ದೊಡ್ಡ ವಿಷಯವೇ ಅಲ್ಲ ಅನ್ನಿಸುತ್ತದೆ.

ಬಿ.ಪಿ. ಮಾತ್ರೆ, ಆಸ್ಪಿರಿನ್ ಎರಡನ್ನೂ ನೀವಾಗಿ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್‌ಗಳ ಹಿಂಭಾಗದ ಫೋಟೊ ತೆಗೆದು ಬಿ.ಪಿ. ನೋಡುವ ಡಾಕ್ಟರಿಗೆ ಕಳಿಸಿ, ಮುಂದಿನ ನೋವಿನ ಮಾತ್ರೆ ಕೊಡುವ ಮುಂಚೆ ಅವರ ಜೊತೆ ಮಾತಾಡಿ. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ರಕ್ತ ಟೆಸ್ಟ್ ಬೇಕಾ ಅಂತಲೂ ಕೇಳಿ. ಮೂತ್ರ ಕಡಿಮೆಯಾದರೆ, ಕಾಲು ಊದಿಕೊಂಡರೆ, ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸುಮ್ನೆಓದುಗ:

ಕ್ಷಮಿಸಿ, ಇಷ್ಟೆಲ್ಲ ಓದಿದರೆ ಯಾರೂ ಮಾತ್ರೆ ನುಂಗುವುದಿಲ್ಲ. ನಮ್ಮ ಚಿಕ್ಕಮ್ಮ ಡಬ್ಬಿಯೊಳಗಿನ ಕಾಗದ ಓದಿ ಹೆದರಿ ಬಿ.ಪಿ. ಮಾತ್ರೆ ಬಿಟ್ಟೇಬಿಟ್ಟರು. ಡಾಕ್ಟರ್ ಬರೆದಿದ್ದಾರೆ ಅಂದಮೇಲೆ ನಂಬಬೇಕು. ಗೂಗಲ್ ನೋಡಿ ಎಲ್ಲರೂ ಡಾಕ್ಟರ್ ಆಗುವುದು ಯಾಕೆ?

ಹಳೇಕನ್ನಡಕ:

ಸುಮ್ನೆಓದುಗ ಅವರೇ, ನಂಬುವುದು ಸರಿ. ಆದರೆ ಇಲ್ಲಿ ಮೂರು ಕಡೆಯವರು ಬರೆದಿದ್ದಾರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಷ್ಟೂ ಸ್ಟ್ರಿಪ್ ಒಟ್ಟಿಗೆ ಕಾಣುವುದು ಮನೆಯವರ ಕಣ್ಣಿಗೆ ಮಾತ್ರ ಅಲ್ವಾ? ಅವರು ಓದಿ ಹೇಳದೆ ಇನ್ಯಾರು ಹೇಳಬೇಕು?

ಆ ಕಾಗದದ ಬಗ್ಗೆ ಒಂದು ಮಾತು. ಅದರಲ್ಲಿ ಸೈಡ್ ಎಫೆಕ್ಟ್‌ಗಳನ್ನು ಸುಮ್ಮನೆ ಸಾಲಾಗಿ ಬರೆದಿರುವುದಿಲ್ಲ. ಎಷ್ಟು ಜನರಿಗೆ ಆಗುತ್ತದೆ ಅನ್ನುವುದಕ್ಕೆ ಬಹಳ ಕಡೆ ಒಂದು ಅಳತೆ ಇದೆ. "ತುಂಬಾ ಸಾಮಾನ್ಯ" ಅಂದರೆ 10ರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಜಾಸ್ತಿ. "ಸಾಮಾನ್ಯ" ಅಂದರೆ 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರವರೆಗೆ. "ಅಪರೂಪ" ಅಂದರೆ 1000ದಲ್ಲಿ ಒಬ್ಬರಿಗಿಂತ ಕಡಿಮೆ, "ತೀರಾ ಅಪರೂಪ" ಅಂದರೆ 10,000ದಲ್ಲಿ ಒಬ್ಬರಿಗೂ ಇಲ್ಲ. ನಿಮ್ಮ ಚಿಕ್ಕಮ್ಮ ಹೆದರಿದ್ದು ಬಹುಶಃ ಕೊನೆಯ ಸಾಲಿಗೆ. ಮಾತ್ರೆ ಬಿಟ್ಟರೆ ಬರುವ ಪಾರ್ಶ್ವವಾಯು ಅಷ್ಟು ಅಪರೂಪ ಅಲ್ಲ, ಆದರೆ ಅದನ್ನು ಆ ಕಾಗದದಲ್ಲಿ ಬರೆದಿರುವುದಿಲ್ಲ.

ಇನ್ನು ಮಾತ್ರೆಡಬ್ಬಿ ಹೇಳಿದ್ದಕ್ಕೆ ಸೇರಿಸುತ್ತೇನೆ. ಔಷಧಿ ಅಲ್ಲದ ಉಳಿದ ವಸ್ತುಗಳನ್ನೂ ನೋಡಿ. ಮಾತ್ರೆಗೆ ಗಾತ್ರ ಬರಲಿ ಅಂತ ಲ್ಯಾಕ್ಟೋಸ್, ಯಂತ್ರಕ್ಕೆ ಅಂಟದಿರಲಿ ಅಂತ ಮೆಗ್ನೀಸಿಯಂ ಸ್ಟಿಯರೇಟ್, ಬಣ್ಣಕ್ಕೆ ಟಾರ್ಟ್ರಜೀನ್, ಕ್ಯಾಪ್ಸೂಲ್‌ಗೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಬಹಳ ಜನರಿಗೆ ಇವುಗಳಿಂದ ಏನೂ ಆಗುವುದಿಲ್ಲ. ಆದರೆ ಅಪ್ಪನ ಹಾಗೆ ಬಿ.ಪಿ. ಇರುವವರು ನೀರಲ್ಲಿ ಬುರುಬುರು ಅಂತ ಕರಗುವ ಮಾತ್ರೆಯ ಬಗ್ಗೆ ಹುಷಾರಾಗಿರಬೇಕು. ಆ ನೊರೆ ಬರುವುದು ಸೋಡಿಯಂ ಬೈಕಾರ್ಬನೇಟ್‌ನಿಂದ. 500 ಮಿಲಿಗ್ರಾಂನ ಕರಗುವ ಪ್ಯಾರಾಸಿಟಮಾಲ್ ಒಂದರಲ್ಲೇ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಅನ್ನುತ್ತದೆ. ಊಟದಲ್ಲಿ ಉಪ್ಪು ಬಿಟ್ಟು ಮಾತ್ರೆಯಲ್ಲಿ ಕುಡಿದ ಹಾಗಾಯಿತು.

ಹಾಗಂತ ಇದು ಸಣ್ಣ ವಿಷಯ ಅನ್ನುವವರಿಗೆ 1937ರ ಕತೆ ಗೊತ್ತಿರಲಿ. ಅಮೆರಿಕದಲ್ಲಿ ಸಲ್ಫಾನಿಲಮೈಡ್ ಅನ್ನುವ ಔಷಧಿಯನ್ನು ಸಿರಪ್ ಮಾಡಿ ಮಾರಿದರು. ಔಷಧಿ ಚೆನ್ನಾಗಿಯೇ ಇತ್ತು. ಅದನ್ನು ಕರಗಿಸಲು ಹಾಕಿದ್ದು ಡೈಇಥಿಲೀನ್ ಗ್ಲೈಕಾಲ್, ಸಿಹಿ ರುಚಿಯ ವಿಷ. 100ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ತುಂಬಾ ಇದ್ದರು. ಮಾರುವ ಮೊದಲು ಸುರಕ್ಷಿತ ಅಂತ ತೋರಿಸಬೇಕು ಅನ್ನುವ ಕಾನೂನು ಅಲ್ಲಿ ಬಂದದ್ದೇ ಅದರ ಮರುವರ್ಷ, 1938ರಲ್ಲಿ.

ಇಬ್ಬರುಮಕ್ಕಳು:

ಮಕ್ಕಳ ಔಷಧಿಯಲ್ಲೂ ಹಿಂದೆ ಓದಲೇಬೇಕು. ಒಂದೇ ಔಷಧಿ ಡ್ರಾಪ್ಸ್ ಆಗಿಯೂ ಬರುತ್ತದೆ, ಸಿರಪ್ ಆಗಿಯೂ ಬರುತ್ತದೆ. ನನ್ನ ಹತ್ತಿರ ಈಗ ಎರಡೂ ಇವೆ. ಡ್ರಾಪ್ಸ್ ಮೇಲೆ 1 ಮಿಲಿಗೆ 100 ಮಿಲಿಗ್ರಾಂ ಅಂತ ಇದೆ. ಸಿರಪ್ ಮೇಲೆ 5 ಮಿಲಿಗೆ 125. ನೋಡಿದ ತಕ್ಷಣ 125 ಸ್ಟ್ರಾಂಗ್ ಅನ್ನಿಸುತ್ತದೆ ಅಲ್ವಾ? ಭಾಗಿಸಿ ನೋಡಿ, ಸಿರಪ್‌ನಲ್ಲಿ 1 ಮಿಲಿಗೆ ಬರೀ 25. ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ದೊಡ್ಡ ಮಗುವಿಗೆ ಹೇಳಿದ 5 ಮಿಲಿ ಸಿರಪ್ ಬದಲು ಯಾರಾದರೂ ಆತುರದಲ್ಲಿ 5 ಮಿಲಿ ಡ್ರಾಪ್ಸ್ ಕುಡಿಸಿದರೆ 125ರ ಜಾಗದಲ್ಲಿ 500 ಹೋಗುತ್ತದೆ. ಅದಕ್ಕೇ ಮಕ್ಕಳ ಡಾಕ್ಟರ್ ಎಷ್ಟು ಮಿಲಿ ಅಂದರೆ ಸಾಲದು, ಎಷ್ಟು ಮಿಲಿಗ್ರಾಂ ಅಂತಲೂ ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಅಡುಗೆಮನೆ ಚಮಚ ಬೇಡ, ಒಂದೊಂದು ಒಂದೊಂದು ಅಳತೆ. ಸೂಜಿ ಇಲ್ಲದ ಸಿರಿಂಜ್ ವಾಸಿ.

ಸಂಜೆಮಲ್ಲಿಗೆ:

ಬಹಳ ಉಪಕಾರ ಆಯಿತು. ಫೋಟೊ ಕಳಿಸಿ ಡಾಕ್ಟರ್ ಜೊತೆ ಮಾತಾಡಿದೆ. ಅಸೆಕ್ಲೋಫೆನಾಕ್ ಇದ್ದದ್ದನ್ನೂ ನೆಗಡಿ ಮಾತ್ರೆಯನ್ನೂ ನಿಲ್ಲಿಸಿ ಅಂದರು. ಬರೀ ಪ್ಯಾರಾಸಿಟಮಾಲ್ 500, ಬೇಕಾದಾಗ ಮಾತ್ರ, ದಿನಕ್ಕೆ ಮೂರರ ಮೇಲೆ ಬೇಡ. ಮೂಗಿಗೆ ಉಪ್ಪುನೀರಿನ ಸ್ಪ್ರೇ. ಮಂಡಿಗೆ ಡೈಕ್ಲೋಫೆನಾಕ್ ಜೆಲ್. ಕ್ರಿಯಾಟಿನಿನ್ ನಾಳೆ ಮಾಡಿಸುತ್ತೇವೆ.

ಇನ್ನೊಂದು ಕೇಳಲಾ? ಅಮ್ಮನ ಮಾತ್ರೆ ಸಿಗದೆ "ಅದೇ ಕಂಪೊಸಿಷನ್, ಕಂಪನಿ ಬೇರೆ" ಅಂತ ಕೊಟ್ಟರು. ಚೀಟಿಯಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್ ಇಆರ್ 50 ಅಂತ ಇದೆ. ಕೊಟ್ಟದ್ದರಲ್ಲಿ ಮೆಟೊಪ್ರೊಲಾಲ್ ಟಾರ್ಟ್ರೇಟ್ 50. ಒಂದೇ ತಾನೇ? ಮತ್ತೆ ಅಸೆಕ್ಲೋಫೆನಾಕ್ ಬೇಡ ಅಂದಮೇಲೆ ಅದೇ ಗುಂಪಿನ ಡೈಕ್ಲೋಫೆನಾಕ್ ಜೆಲ್ ಹೇಗೆ ಸರಿ?

ಮಾತ್ರೆಡಬ್ಬಿ:

ಒಂದೇ ಅಲ್ಲ! ವಾಪಸ್ ಕೊಡಿ. ಕಂಪನಿ ಬದಲಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಕಡಿಮೆ ಬೆಲೆಯದಾದರೂ ಅದೇ ಔಷಧಿ ಅದೇ ಪ್ರಮಾಣದಲ್ಲಿದ್ದರೆ ಸರಿ. ಆದರೆ ಇಲ್ಲಿ ಬದಲಾಗಿರುವುದು ಕಂಪನಿ ಅಲ್ಲ. ಸಕ್ಸಿನೇಟ್ ಇಆರ್ ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುತ್ತದೆ, ದಿನಕ್ಕೆ ಒಂದು ಸಾಕು. ಟಾರ್ಟ್ರೇಟ್ ಬೇಗ ಇಳಿದುಹೋಗುತ್ತದೆ, ಸಾಮಾನ್ಯವಾಗಿ ಎರಡು ಸಲ ಬೇಕಾಗುತ್ತದೆ. ಬೆಳಿಗ್ಗೆ ಒಂದೇ ಕೊಟ್ಟರೆ ಸಂಜೆಗೆ ಬಿ.ಪಿ. ಏರಬಹುದು. ಅಮ್ಮ ಒಂದು ದಿನವೂ ಮಾತ್ರೆ ಇಲ್ಲದೆ ಇರುವ ಹಾಗಾಗಬಾರದು, ಈ ಗುಂಪಿನ ಔಷಧಿಯನ್ನು ದಿಢೀರನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಸಿಗದಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ಹೆಸರಿನ ಕೊನೆಯಲ್ಲಿ ಇಆರ್, ಎಕ್ಸ್ಆರ್, ಎಸ್ಆರ್, ಸಿಆರ್ ಹೀಗೆ ಅಕ್ಷರ ಇದ್ದರೆ ಪುಡಿ ಮಾಡಬೇಡಿ, ಅಗಿಯಬೇಡಿ. ಹಾಗೆ ಮಾಡಿದರೆ ಇಡೀ ದಿನಕ್ಕಿರುವ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಅರ್ಧ ಮಾಡಬೇಕಾದರೂ ಕೇಳಿಯೇ ಮಾಡಿ, ಕೆಲವನ್ನು ಮಾತ್ರ ಗೆರೆ ಇರುವ ಕಡೆ ಮುರಿಯಬಹುದು. ಸ್ಟ್ರಿಪ್ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅಮಾಕ್ಸಿಸಿಲಿನ್, ಕ್ಲಾವುಲನಿಕ್ ಆಸಿಡ್ ಎರಡೂ ಸೇರಿದ ಆಂಟಿಬಯಾಟಿಕ್ ಮಾತ್ರೆ 625 ಅಂದರೆ 500 ಮತ್ತು 125. 375 ಅಂದರೆ 250 ಮತ್ತು 125. 500 ಅಮಾಕ್ಸಿಸಿಲಿನ್ ಸಿಗಲಿ ಅಂತ 375ರದ್ದು ಎರಡು ನುಂಗಿದರೆ ಕ್ಲಾವುಲನಿಕ್ ಆಸಿಡ್ ಎರಡು ಪಟ್ಟಾಗಿ ಹೊಟ್ಟೆ ಕೆಡುತ್ತದೆ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಇದೂ ಬೇಡ, ಅಮಾಕ್ಸಿಸಿಲಿನ್ ಕೂಡ ಪೆನ್ಸಿಲಿನ್ ಗುಂಪಿನದ್ದೇ. ಮುಂದುಗಡೆಯ ಬ್ರಾಂಡ್ ಹೆಸರಲ್ಲಿ ಅದರ ಸುಳಿವೇ ಇರುವುದಿಲ್ಲ.

ಜೆಲ್ ವಿಷಯ: ಚರ್ಮದ ಮೂಲಕ ರಕ್ತಕ್ಕೆ ಸೇರುವುದು ನುಂಗಿದ್ದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಅದಕ್ಕೇ ಡಾಕ್ಟರ್ ಅದನ್ನು ಕೊಟ್ಟಿದ್ದಾರೆ. ಹೇಳಿದ ಅಳತೆಯಷ್ಟೇ ಹಚ್ಚಿ, ಗಾಯ ಇರುವ ಕಡೆ ಬೇಡ, ಅದರ ಮೇಲೆ ಬಿಸಿ ಶಾಖ ಕೊಡಬೇಡಿ, ಪಟ್ಟಿ ಬಿಗಿಯಾಗಿ ಸುತ್ತಬೇಡಿ. ಹಚ್ಚಿದ ಮೇಲೆ ಕೈ ತೊಳೆಯಲು ಅಪ್ಪನಿಗೆ ಹೇಳಿ, ಅದೇ ಕೈ ಕಣ್ಣಿಗೆ ಹೋದರೆ ಉರಿ.

ಸಂಜೆಮಲ್ಲಿಗೆ:

ಟಾರ್ಟ್ರೇಟ್ ವಾಪಸ್ ಕೊಟ್ಟೆ, ಸಕ್ಸಿನೇಟ್ ಸಂಜೆ ತರಿಸಿಕೊಡುತ್ತಾರಂತೆ. ಜೆಲ್ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಳ್ಳಲು ಅಪ್ಪ ಆಗಲೇ ತಯಾರಾಗಿದ್ದರು, ಅದನ್ನು ಬಚ್ಚಿಟ್ಟಿದ್ದೇನೆ.