ಅತ್ತೆ ಕಳಿಸಿದ ಪಟ್ಟಿಯ ಒಂದು ಹೆಸರೂ ಅವ್ವನ ಬಾಯಿಗೆ ಹತ್ತುತ್ತಿಲ್ಲ

ಪಾಂಡವಪುರದವಳು (ನಾಂತ್, ಫ್ರಾನ್ಸ್):

ನಮಸ್ಕಾರ. ನನ್ನದು ಪಾಂಡವಪುರ. ನಮ್ಮೂರಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಶ್ರೀರಂಗಪಟ್ಟಣದ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು. ನಾನು ಫ್ರೆಂಚ್ ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗ ನಮ್ಮ ಸೋದರಮಾವ, "ಹೋದೋರು ವಾಪಸ್ ಬಂದ್ರು ಬಿಡವ್ವ" ಅಂತ ನಕ್ಕಿದ್ದರು.

ಈಗ ನನಗೆ ಏಳು ತಿಂಗಳು. ಹೆಣ್ಣು ಮಗು. ಇಲ್ಲಿ ಸ್ಕ್ಯಾನಿಂಗ್‌ನಲ್ಲಿ ಕೇಳಿದರೆ ಹೇಳಿಬಿಡುತ್ತಾರೆ. ಅವ್ವನಿಗೆ ಹೇಳಿದರೆ, "ಅಯ್ಯೋ ಮೆತ್ತಗೆ ಹೇಳೇ, ಯಾರಾದರೂ ಕೇಳಿಸ್ಕಂಡಾರು" ಅಂದಳು.

ತಮ್ಮ ಮನೆತನದ ಹೆಸರೊಂದು ಮಗುವಿನಲ್ಲಿ ಉಳಿಯಬೇಕು ಅಂತ ಗಂಡನ ಕಡೆಯವರಿಗೆ ಆಸೆ. ಅತ್ತೆ ಪಟ್ಟಿ ಕಳಿಸಿದ್ದಾರೆ: ಕೊಲೆಟ್, ಓಡಿಲ್, ಆನಾ, ಫ್ರಾನ್ಸ್ವಾಜ್. ಎಲ್ಲಾ ಅಜ್ಜಿ, ಮುತ್ತಜ್ಜಿಯರ ಹೆಸರು. ಫೋನಿನಲ್ಲಿ ಒಂದೊಂದಾಗಿ ಓದಿದೆ. ಮೊದಲನೆಯದಕ್ಕೆ ಅವ್ವ, "ಕೊಲೆನಾ?" ಅಂದಳು. ಎರಡನೆಯದಕ್ಕೆ, "ಯಾರು ಓಡಿಲ್ಲ?" ಆನಾ ಅಂದರೆ, "ನಾಲ್ಕಾಣೆನೋ ಎಂಟಾಣೆನೋ?" ಫ್ರಾನ್ಸ್ವಾಜ್‌ಗೆ ಸುಮ್ಮನಾಗಿಬಿಟ್ಟಳು. ಆ ಮೌನ ನನಗೆ ಗೊತ್ತು.

ಕಷ್ಟ ಏನೆಂದರೆ ಫ್ರಾನ್ಸ್ವಾಜ್ ನನ್ನ ಗಂಡನ ಅಜ್ಜಿ, ಇನ್ನೂ ಇದ್ದಾರೆ. ಎಂಬತ್ತೊಂಬತ್ತು ವರ್ಷ. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯ, ಕ್ಯಾಂಪೇರ್ ಊರಿನ ಹತ್ತಿರದ ಹಳ್ಳಿ. ಅವರು ಹುಯ್ದುಕೊಡುವ ಗಾಲೆಟ್ ಥೇಟ್ ನಮ್ಮ ರಾಗಿ ದೋಸೆ ಬಣ್ಣ. ಅವರ ಹೆಸರನ್ನು ಬೇಡ ಅನ್ನೋಕೆ ನನಗೆ ಬಾಯೇ ಬರುವುದಿಲ್ಲ.

ಜೊತೆಗೆ ಇಲ್ಲಿ ಐದು ದಿನದೊಳಗೆ ಪುರಸಭೆಯಲ್ಲಿ ಹೆಸರು ಬರೆಸಬೇಕಂತೆ. ಅವ್ವ ನೋಡಿದರೆ ನಕ್ಷತ್ರ, ಪಾದ, ಅಕ್ಷರ, ಹನ್ನೊಂದನೇ ದಿನ ತೊಟ್ಟಿಲು ಅನ್ನುತ್ತಾಳೆ. ಇಂಥದ್ದನ್ನು ದಾಟಿದವರು ಇದ್ದೀರಾ?

ಎರಡು ಮಕ್ಕಳ ತಾಯಿ, ಲಿಯೋನ್:

ಐದು ದಿನಕ್ಕೆ ಹುಟ್ಟಿದ ದಿನ ಲೆಕ್ಕಕ್ಕಿಲ್ಲ, ಅಷ್ಟು ಸಮಾಧಾನ. ಮೊದಲು ಮೂರೇ ದಿನ ಇತ್ತು. ನಕ್ಷತ್ರ ಹುಟ್ಟಿದ ಗಂಟೆಗೇ ಗೊತ್ತಾಗುತ್ತದಲ್ವಾ, ಊರಿಗೆ ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಅಕ್ಷರ ಬರುತ್ತದೆ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವುದನ್ನು ಹನ್ನೊಂದನೇ ದಿನವೇ ಮಾಡಿ. ಅದಕ್ಕೂ ಪುರಸಭೆಗೂ ಸಂಬಂಧವಿಲ್ಲ.

ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇಲ್ಲಿ ಎರಡು, ಮೂರು ಹೆಸರು ಬರೆಸುವುದು ವಾಡಿಕೆ. ಎರಡನೆಯ, ಮೂರನೆಯ ಜಾಗದಲ್ಲಿ ಅಜ್ಜ ಅಜ್ಜಿಯರ ಹೆಸರು ಕೂರಿಸುತ್ತಾರೆ. ಬರೆಸಿದ್ದರಲ್ಲಿ ಯಾವುದನ್ನು ಬೇಕಾದರೂ ಕರೆಯುವ ಹೆಸರಾಗಿ ಇಟ್ಟುಕೊಳ್ಳಬಹುದು ಅಂತ ಅವರ ಸಿವಿಲ್ ಕೋಡಿನ 57ನೇ ವಿಧಿಯಲ್ಲೇ ಇದೆ. ಹಾಗಾಗಿ ಎರಡನೆಯ ಹೆಸರು ದಂಡವಲ್ಲ.

ಮತ್ತೆ, ನಮ್ಮ ಹೆಸರನ್ನೂ ಅವರ ಬಾಯಲ್ಲಿ ಹಾಕಿ ನೋಡಿ. ನನ್ನ ದೊಡ್ಡವನು ಹರ್ಷ. ಇಲ್ಲಿನವರ ನಾಲಿಗೆಗೆ ಹಕಾರ ಇಲ್ಲ. ಬಾಲವಾಡಿಗೆ ಹೋದ ಮೊದಲ ದಿನವೇ ಅರ್ಶಾ ಆದ. ಮೂರು ವರ್ಷ ತಿದ್ದಿದೆ. ಈಗ ಅವನೇ ಅರ್ಶಾ ಅಂತ ಪರಿಚಯ ಮಾಡಿಕೊಳ್ಳುತ್ತಾನೆ.

ಫ್ರೆಂಚ್ ಮೇಷ್ಟ್ರು, ಬೆಂಗಳೂರು:

ತಾಯಿ, ನಿಮ್ಮ ಅಜ್ಜಿ ಬ್ರಿಟನಿಯವರು ಅಂದಿರಿ. ಹಾಗಾದರೆ ಫ್ರಾನ್ಸ್ವಾಜ್ ಅವರ ಕಾಗದದ ಹೆಸರು ಮಾತ್ರ ಇರಬಹುದು. ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಕೇಳಿದ್ದೀರಾ?

ಯಾಕೆ ಹೇಳ್ತೀನಿ ಅಂದರೆ, 1803ರಲ್ಲಿ ನೆಪೋಲಿಯನ್ ಕಾಲಕ್ಕೆ ಅಲ್ಲೊಂದು ಕಾನೂನು ಬಂತು. ಕ್ಯಾಲೆಂಡರಿನಲ್ಲಿರುವ ಸಂತರ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದವರ ಹೆಸರು, ಅಷ್ಟೇ ಇಡಬೇಕು. ಬ್ರಿಟನಿಯವರ ಸ್ವಂತ ಭಾಷೆ ಬ್ರೆಟನ್. ಆ ಭಾಷೆಯ ಹೆಸರು ತಂದರೆ ಗುಮಾಸ್ತ ಬರೆದುಕೊಳ್ಳುತ್ತಿರಲಿಲ್ಲ, ಅದರ ಫ್ರೆಂಚ್ ರೂಪ ಬರೆಯುತ್ತಿದ್ದ. 1966ರಲ್ಲಿ ಸ್ವಲ್ಪ ಸಡಿಲವಾಯಿತು. ಪೂರ್ತಿ ಬಿಟ್ಟಿದ್ದು 1993ರಲ್ಲಿ. ಈಗ ಮಗುವಿಗೆ ತೊಂದರೆ ಕೊಡುವಂಥ ಹೆಸರಾದರೆ ಮಾತ್ರ ವಿಷಯ ನ್ಯಾಯಾಧೀಶರ ಹತ್ತಿರ ಹೋಗುತ್ತದೆ. ಒಬ್ಬರು ಮಗಳಿಗೆ ನುಟೆಲ್ಲಾ ಅಂತ ಇಡಲು ಹೋಗಿ, ಕೋರ್ಟು ಅದನ್ನು ಎಲ್ಲಾ ಅಂತ ಮಾಡಿತು. ಕನ್ನಡದವರ ಮನೆಯಾಗಿದ್ದರೆ 'ಎಲ್ಲಾ' ಅಂತ ಕೂಗಿದರೆ ಮನೆಮಂದಿಯೆಲ್ಲ ಬರುತ್ತಿದ್ದರು!

ನಿಮ್ಮ ಕ್ಯಾಂಪೇರ್‌ನಲ್ಲೇ 2017ರಲ್ಲಿ ಫಾಂಶ್ ಅನ್ನುವ ಗಂಡುಮಗುವಿನ ಗಲಾಟೆ ಆಯಿತು. ಅದು ಫ್ರಾನ್ಸ್ವಾ ಎಂಬುದರ ಬ್ರೆಟನ್ ರೂಪ. ಅದರ ಎನ್ ಅಕ್ಷರದ ಮೇಲೆ ಅಲೆಯಂಥ ಒಂದು ಗೀಟು ಬರುತ್ತದೆ. ಆ ಗೀಟು ಫ್ರೆಂಚಿನದಲ್ಲ ಅಂತ ತಕರಾರು. ಮುಂದಿನ ವರ್ಷ ರೆನ್ ಊರಿನ ಮೇಲ್ಮನವಿ ಕೋರ್ಟು ಗೀಟು ಇರಲಿ ಅಂತ ತೀರ್ಪು ಕೊಟ್ಟಿತು.

ಫ್ರಾನ್ಸ್ವಾಜ್ ಅಂದರೆ ಮೂಲದಲ್ಲಿ 'ಫ್ರೆಂಚ್ ಹೆಂಗಸು' ಎಂದೇ ಅರ್ಥ. ಬ್ರೆಟನ್ ಹೆಣ್ಣುಮಗಳಿಗೆ ಸರ್ಕಾರದ ಕಾಗದದಲ್ಲಿ ಆ ಹೆಸರು, ನೋಡಿ ಹೇಗಿದೆ.

ಅವ್ವನ ಬಾಯಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೈದರಾಬಾದ್ ನಿಜಾಮರ ಸೈನ್ಯದಲ್ಲಿದ್ದ ಫ್ರೆಂಚ್ ಅಧಿಕಾರಿ ಮಸ್ಯೋ (ಅಂದರೆ ಶ್ರೀಮಾನ್) ರೇಮೋನನ್ನು ಜನ ಮೂಸಾ ರಾಮ್ ಅಂತ ಮಾಡಿಕೊಂಡು ಇನ್ನೂರು ವರ್ಷ ನೆನಪಿಟ್ಟುಕೊಂಡಿದ್ದಾರೆ.

ಮೈಸೂರು ಅತ್ತಿಗೆ:

ಅಜ್ಜಿ ಹೆಸರು ಇಡೋದೆಲ್ಲ ಸರಿ. ಆದರೆ ಆಮೇಲೆ ಮಗುವನ್ನು ಬೈಯೋಕೆ ಆಗಲ್ಲ ಕಣ್ರೀ. ನಮ್ಮ ಮನೆಯಲ್ಲಿ ಅತ್ತೆ ಹೆಸರು ಮಗಳಿಗೆ ಇಟ್ಟರು. ಹಾಲು ಚೆಲ್ಲಿದರೂ ಹೆಸರು ಹಿಡಿದು ಗದರುವ ಹಾಗಿಲ್ಲ, ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಕೊನೆಗೆ ಎಲ್ಲರೂ ಪುಟ್ಟಿ ಅಂತಲೇ ಕರೆಯುವುದು. ಈಗ ಅವಳಿಗೆ ಮೂವತ್ತೆರಡು.

ಪಾಂಡವಪುರದವಳು:

ಮೇಷ್ಟ್ರೇ, ಭಾನುವಾರ ಹಳ್ಳಿಗೆ ಹೋಗಿ ಅಜ್ಜಿಯನ್ನೇ ಕೇಳಿದೆ. ಅವರು ಗಾಲೆಟ್ ತಿರುವಿ ಹಾಕಿ, ಬೆಣ್ಣೆ ಸವರಿ, ಆಮೇಲೆ ಹೇಳಿದರು: "ಸ್ವಾಝಿಗ್." ಅವರ ಅಮ್ಮ ಹಾಗೇ ಕರೆಯುತ್ತಿದ್ದರಂತೆ. ಕೊನೆಯ 'ಇಗ್' ನಮ್ಮ ಪುಟ್ಟಿ, ಚಿಕ್ಕಿ ಥರ ಮುದ್ದಿಗೆ. ನನ್ನ ಗಂಡನಿಗೇ ಗೊತ್ತಿರಲಿಲ್ಲ! ಹನ್ನೆರಡು ವರ್ಷದಿಂದ ನನಗೆ ಕುಲದ ಕಥೆ ಹೇಳುತ್ತಿರುವ ಮನುಷ್ಯ.

ಮಗುವಿಗೆ ಇಡಬಹುದಾ ಅಂದೆ. ಮೊದಲು ಬೇಡವೇ ಬೇಡ ಅಂದರು. ಅವರ ಶಾಲೆಯಲ್ಲಿ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದರಕ್ಷೆ ನೇತು ಹಾಕುತ್ತಿದ್ದರಂತೆ. ಇನ್ನೊಬ್ಬರು ಸಿಕ್ಕಿಬೀಳುವವರೆಗೆ ಅದನ್ನು ಹೊತ್ತಿರಬೇಕು. "ಹಳ್ಳಿಗುಗ್ಗು ಹೆಸರು, ಹುಡುಗಿಗೆ ನಗ್ತಾರೆ" ಅಂದರು. ಈಗ ಯಾರೂ ನಗಲ್ಲ ಅಂತ ಅತ್ತೆ ಹೇಳಿದರು. ಅಜ್ಜಿ ಉತ್ತರ ಕೊಡಲಿಲ್ಲ. ನನಗೆ ಇನ್ನೊಂದು ಗಾಲೆಟ್ ಹಾಕಿದರು, ನಾನು ಬೇಡ ಅಂದರೂ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಸ್ವಾಝಿಗ್."

"ಸೂಜಿನಾ?"

ಸತ್ತೆ ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಸೂಜಿಮಲ್ಲಿಗೆ ಅಂತಾರಲ್ಲ, ಅದಾ? ಹಿತ್ತಲಲ್ಲಿ ಇತ್ತಲ್ಲೇ, ನಿಮ್ಮಜ್ಜಿ ದಿನಾ ಮುಡೀತಿದ್ಳು" ಅಂದಳು. ನಾನು ತಿದ್ದಲು ಹೋಗಲಿಲ್ಲ.

ಹಾಗಾಗಿ ಮೊದಲ ಹೆಸರು ಸ್ವಾಝಿಗ್, ಎರಡನೆಯದು ಮಲ್ಲಿಗೆ. ನಕ್ಷತ್ರದ ಅಕ್ಷರ ಏನು ಬರುತ್ತೋ ಅದು ಕಿವಿಯಲ್ಲಿ ಹೇಳುವುದಕ್ಕೆ. ಆದರೆ ನಾನು ಮಲ್ಲಿಗೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗಂಡನಿಗೆ ತೋರಿಸಿದರೆ 'ಮಲೀಝ್' ಅಂತ ಓದಿದ. ಇದಕ್ಕೇನು ಮಾಡುವುದು ಮೇಷ್ಟ್ರೇ?

ಫ್ರೆಂಚ್ ಮೇಷ್ಟ್ರು, ಬೆಂಗಳೂರು:

ಕೊನೆಯಲ್ಲಿ ಜಿ ಆದಮೇಲೆ ಒಂದು ಯು ಹಾಕಿ, ಆಮೇಲೆ ಇ, ಆ ಇ ಮೇಲೆ ಬಲಕ್ಕೆ ಏರುವ ಗೀಟು. ಆಗ 'ಮಲಿಗೆ' ಅಂತ ಓದುತ್ತಾರೆ, ಲಕಾರದ ಒತ್ತೊಂದು ಬರುವುದಿಲ್ಲ ಅಷ್ಟೇ. ಈ ಗೀಟು ಫ್ರೆಂಚಿನದೇ, ಯಾರೂ ಕೋರ್ಟಿಗೆ ಹೋಗಲ್ಲ.