ಅಪ್‌ಡೇಟ್: ಕಿಕ್ ಡ್ರಮ್‌ಗೆ ಕೊನೆಗೂ ಮೈಕ್ ತಗೊಂಡೆ

ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಿಕ್ ಡ್ರಮ್ (ಕಾಲಿನ ಪೆಡಲ್ ಒತ್ತಿ ಬಾರಿಸುವ ದೊಡ್ಡ ಡ್ರಮ್) ರೆಕಾರ್ಡ್ ಮಾಡಲು ಶೂರ್ ಬೀಟಾ 52ಎ ಮೈಕ್ ಒಳ್ಳೆಯದಾ, ಎಕೆಜಿ ಡಿ112 ಒಳ್ಳೆಯದಾ ಎಂದು ಕೇಳಿದ್ದೆ. ಬೀಟಾ 52ಎ ತಗೊಂಡೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲ ದಿನ ನಿರಾಸೆಯಾಯಿತು. ಮೈಕನ್ನು ಮುಂದಿನ ಹೆಡ್‌ನ (ಡ್ರಮ್ ಬಾಯಿಗೆ ಬಿಗಿದ ಹೊದಿಕೆಯ) ತೂತಿನ ಬಾಯಲ್ಲೇ ಇಟ್ಟಿದ್ದೆ. ಬರೀ ಗುಂಯ್ ಎನ್ನುವ ಸದ್ದು, ಏಟಿನ 'ಟಕ್' ಇಲ್ಲವೇ ಇಲ್ಲ. ಮೈಕನ್ನು ಬೈಯುವ ಮೊದಲು ಜಾಗ ಬದಲಿಸಿ ನೋಡಿ ಎಂದು ನಿಮ್ಮಲ್ಲೊಬ್ಬರು ಹೇಳಿದ್ದರು. ನೂರಕ್ಕೆ ನೂರು ನಿಜ. ಒಳಗೆ ತೂರಿಸಿ, ಬೀಟರ್ (ಪೆಡಲ್‌ನ ಬಡಿಗೆ) ಬಡಿಯುವ ಹೆಡ್‌ನಿಂದ ಒಂದು ಗೇಣು ದೂರಕ್ಕೆ ತಂದು, ಸ್ವಲ್ಪ ಓರೆ ಮಾಡಿದೆ. ಜೊತೆಗೆ ಒಂದು ಹಳೇ ದಿಂಬು, ಹೆಡ್‌ಗೆ ತಾಗಿಯೂ ತಾಗದ ಹಾಗೆ. ಟಕ್ ಬಂತು, ಎದೆಗೆ ಬಡಿಯುವ ಗುಂಯ್ ಕೂಡ ಉಳಿಯಿತು. ಡೊಳ್ಳು ಕೇಳಿ ಬೆಳೆದ ಕಿವಿಗೆ ಅಷ್ಟು ತುಂಬು ಸದ್ದು ಬೇಕೇ ಬೇಕು ಅಲ್ವಾ!

ಪೆಡಲ್ ಕಡೆಯಿಂದ ಎಸ್‌ಎಂ57 ಎಂಬ ಇನ್ನೊಂದು ಮೈಕ್ ಕೂಡ ಇಟ್ಟೆ. ಎರಡೂ ಟ್ರ್ಯಾಕ್ ಸೇರಿಸಿದರೆ ಬಾಸ್ ಮಾಯ! ಒಂದು ಮೈಕ್ ಕಡೆಗೆ ಹೆಡ್ ನುಗ್ಗುವಾಗ ಇನ್ನೊಂದರಿಂದ ದೂರ ಹೋಗುತ್ತದೆ, ಹಾಗಾಗಿ ಎರಡರ ಬಾಸ್ ಒಂದನ್ನೊಂದು ಅಳಿಸಿಬಿಡುತ್ತದೆ. ಒಂದರ ಪೋಲಾರಿಟಿ (ಸಿಗ್ನಲ್‌ನ ಪ್ಲಸ್-ಮೈನಸ್) ತಿರುಗಿಸಿದೆ, ಸರಿಹೋಯಿತು.

ಭಾನುವಾರ ಗೆಳೆಯನ ಡಿ112 ಬರುತ್ತದೆ. ಅದೇ ಜಾಗದಲ್ಲಿಟ್ಟು ಕೇಳಿ, ಮತ್ತೆ ಬರೆಯುತ್ತೇನೆ.